ಬೈದರೆ ಬದುಕುತ್ತಾರೆ

ನಮ್ಮ ಕ್ಯಾನ್ಸರ್ ವಾರ್ಡಿನಲ್ಲಿ ಒಂದು ರೂಢಿಯಿದೆ. ಯಾರೂ ಕಲಿಸಿದ್ದಲ್ಲ. ಗುಣವಾಗುವ ಭರವಸೆ ಇರುವವರನ್ನು ನಾವು ನರ್ಸುಗಳು ಚೆನ್ನಾಗಿ ಬೈಯುತ್ತೇವೆ. "ಊಟ ಯಾಕೆ ಬಿಟ್ರಿ? ಎದ್ದು ನಡೀರಿ, ಹಾಸಿಗೆ ಏನು ನಿಮ್ಮ ಹೆಸರಿಗೆ ಬರ್ಕೊಟ್ಟಿದೀವಾ?" ಇನ್ನೇನೂ ಮಾಡಲಾಗದು ಎಂದು ಗೊತ್ತಾದವರ ಹತ್ತಿರ ಮಾತ್ರ ದನಿ ತಾನಾಗಿ ಮೆತ್ತಗಾಗುತ್ತದೆ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ನನ್ನ ಅಮ್ಮ ಇದ್ದಳು. ಅವಳನ್ನು ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದೆ. ಅವಳೇನು ಕಡಿಮೆಯೇ? "ಹೆತ್ತ ತಾಯಿಗೇ ಹೀಗೆ ಬೈತಾಳಲ್ಲ, ಇವಳ ಗಂಡನ ಗತಿಯೇನು!" ಎಂದು ಪಕ್ಕದವರಿಗೆ ಹೇಳಿ ನಗುತ್ತಿದ್ದಳು.

ಆ ದಿನ ಬೆಳಿಗ್ಗೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಅಮ್ಮನ ರೋಗ ಲಿವರಿಗೂ ಹಬ್ಬಿದೆ, ಇನ್ನು ಔಷಧಿ ಕೊಟ್ಟು ಹಿಂಸೆ ಮಾಡುವುದು ಬೇಡ ಎಂದರು. ತಮ್ಮ ಸಂಜೆ ಬರುವವನಿದ್ದ. ಅಲ್ಲಿಯವರೆಗೆ ಬಾಯಿ ಬಿಡಬಾರದೆಂದುಕೊಂಡೆ. ಒಂದು ಮಧ್ಯಾಹ್ನವಾದರೂ ಅವಳು ನಗುತ್ತಿರಲಿ ಎಂಬುದಷ್ಟೇ ಆಸೆ.

ನನ್ನ ಮುಖ ನೋಡಿದ ಹೆಡ್ ಸಿಸ್ಟರ್, "ಮೊದ್ಲು ಧ್ಯಾನದ ಕ್ಲಾಸಿಗೆ ಹೋಗು" ಎಂದು ಅಟ್ಟಿದರು. ಸಿಬ್ಬಂದಿಯ ಮನಸ್ಸು ಹಗುರವಾಗಲೆಂದು ಆಸ್ಪತ್ರೆಯವರು ಇಟ್ಟ ಕ್ಲಾಸು. ಕೈಕಾಲು ಬಿದ್ದುಹೋಗುವಷ್ಟು ದುಡಿಸಿ, ಆಮೇಲೆ ಉಸಿರು ಗಮನಿಸಿ ಅನ್ನುತ್ತಾರೆ! ಅರ್ಧ ಜನ ಗೊರಕೆ ಹೊಡೆಯುತ್ತಾರೆ. ನಾನೂ ಕಣ್ಣು ಮುಚ್ಚಿದೆ. "ದುಃಖ ಬಂದ್ರೆ ತಳ್ಳಬೇಡಿ, ಪಕ್ಕದಲ್ಲಿ ಕೂರಿಸ್ಕೊಳ್ಳಿ" ಎಂದರು ಕಲಿಸುವ ಮೇಡಂ. ಏನಾಯಿತೋ, ಎದೆಯೊಳಗಿನ ಗಂಟು ಸಡಿಲವಾಯಿತು. ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಮುಖ ತೊಳೆದು ಹಗುರಾಗಿ ವಾರ್ಡಿಗೆ ಬಂದೆ.

ಅಮ್ಮ ಊಟದ ತಟ್ಟೆ ಮುಟ್ಟಿರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಅವಳ ಕೈ ಹಿಡಿದೆ.

"ಸೇರ್ಲಿಲ್ವಾ ಅಮ್ಮ? ಹೋಗ್ಲಿ ಬಿಡು, ಆದಷ್ಟು ತಿನ್ನು."

ಅಮ್ಮ ನನ್ನನ್ನೇ ನೋಡಿದಳು. ತಿಂಗಳುಗಟ್ಟಲೆ ಅಲ್ಲೇ ಮಲಗಿದ್ದವಳು. ಎದುರು ಹಾಸಿಗೆಯವರ ಹತ್ತಿರ ನಮ್ಮ ದನಿ ಯಾವಾಗ ಮೆತ್ತಗಾಯಿತು, ಆ ಹಾಸಿಗೆ ಯಾವಾಗ ಖಾಲಿಯಾಯಿತು, ಎಲ್ಲ ಕಂಡವಳು. ನನಗೆ ಆಗ ಹೊಳೆಯಿತು. ಆ ಕ್ಲಾಸಿಗಿಷ್ಟು ಬೆಂಕಿ ಬೀಳಲಿ!

"ಬೈಯೇ" ಎಂದಳು.

"ಯಾಕಮ್ಮ?"

"ಒಂದ್ಸಲ ಬೈಯೇ, ನಿನ್ನ ದಮ್ಮಯ್ಯ ಅಂತೀನಿ."

ಬಾಯಿ ತೆರೆದೆ. ದನಿ ಏಳಲಿಲ್ಲ. ಅಮ್ಮ ತಟ್ಟೆ ಎಳೆದುಕೊಂಡು, ನನಗೆ ಕಾಣುವ ಹಾಗೆ, ತುತ್ತಿನ ಮೇಲೆ ತುತ್ತು ತಿನ್ನತೊಡಗಿದಳು.