ಕುರ್ಚಿಯಲ್ಲಿ ಕೂತವರ ಮೂಗು

ರಬ್ಬರಿಗೆ ಯಾಕೆ ಹಣ್ಣಿನ ವಾಸನೆ ಹಾಕುತ್ತಾರೋ, ಇದನ್ನೇನು ಯಾರಾದರೂ ತಿನ್ನುತ್ತಾರಾ, ತಿಕ್ಕಿದಷ್ಟೂ ಸಿಹಿಯಾಗಿ ಕೊಳೆತ ಹಾಗೆ ಮೂಗಿಗೆ ಏರುತ್ತದೆ, ಥೂ, ಮೂಗಿನ ಮಾತೇ ಬೇಡ ಇವತ್ತು — ಮಡಿಲ ತುಂಬ ಬೂದುಬಣ್ಣದ ಸಿಪ್ಪೆ, ಹೇನಿನ ಹಾಗೆ ಸೆರಗಿಗೆ ಅಂಟಿಕೊಂಡಿದೆ, ಕೊಡವಿದರೆ ಇನ್ನೊಂದು ಕಡೆ ಹತ್ತುತ್ತದೆ, ಮಕ್ಕಳ ಪರೀಕ್ಷೆಯ ಹತ್ತೊಂಬತ್ತು ಉತ್ತರದ ಶೀಟು ಮುಗಿಯಿತು, ಇನ್ನು ಹನ್ನೆರಡು, ಎದುರಿಗೆ ಹೆಡ್‌ಮಾಸ್ಟರು ಕನ್ನಡಕವನ್ನು ಹಣೆಗೇರಿಸಿಕೊಂಡು ಸರಿಯುತ್ತರದ ಪಟ್ಟಿ ಓದುತ್ತಿದ್ದಾರೆ, ಏಳು ಸಿ, ಎಂಟು ಎ, ಒಂಬತ್ತು ಹಾಗೇ ಬಿಡಿ ಮೇಡಂ, ತಪ್ಪೇ ಇರ್ಲಿ, ಎಲ್ಲಾ ಸರಿಯಿದ್ರೆ ಅನುಮಾನ ಬರುತ್ತೆ, ಮಗೂಗೆ ಹನ್ನೆರಡೋ ಹದಿಮೂರೋ ಸಾಕು ಇಪ್ಪತ್ತಕ್ಕೆ — ದೇವಸ್ಥಾನದಲ್ಲಿ ಸಹಸ್ರನಾಮ ಹೇಳುವವರ ಹಾಗೆ ಎಷ್ಟು ಶ್ರದ್ಧೆ, ಈ ದನಿಯನ್ನು ಅವಳು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಮಾಡಿ ತೋರಿಸಿ ನಗಿಸಿಲ್ಲ, ಕೆಮ್ಮು ಸಮೇತ, ಈಗ ಅದೇ ದನಿ ಹೇಳಿದ್ದಕ್ಕೆ ಅವಳ ಕೈ ಕುಣಿಯುತ್ತಿದೆ, ತಿಕ್ಕು, ಊದು, ಪಕ್ಕದ ಸೊನ್ನೆಯನ್ನು ಪೆನ್ಸಿಲಿನಿಂದ ಕಪ್ಪಗೆ ತುಂಬು. ಶೀಟು ತಿದ್ದುವ ಮಿಷಿನ್ನಿಗೆ ಕಪ್ಪು ಸೊನ್ನೆ ಮಾತ್ರ ಕಾಣುತ್ತದಂತೆ, ತುಂಬಿದ ಕೈ ಯಾರದು ಅಂತ ಕೇಳುವ ಸೌಜನ್ಯ ಅದಕ್ಕಿಲ್ಲ. ಅಳಿಸುವುದು ಅನ್ನುವ ಮಾತಿಗೆ ಎರಡು ಅರ್ಥ, ಮಕ್ಕಳನ್ನು ಅಳಿಸುವುದು ಒಂದು, ಮಕ್ಕಳು ಬರೆದದ್ದನ್ನು ಅಳಿಸುವುದು ಇನ್ನೊಂದು, ಮೊದಲನೆಯದನ್ನು ಮಾಡಿದರೆ ನೋಟೀಸು ಬರುತ್ತದೆ, ಎರಡನೆಯದನ್ನು ಮಾಡದಿದ್ದರೆ ಬರುತ್ತದೆ, ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು, ಹೇಳಲು ಯಾರೂ ಇಲ್ಲ, ಪಕ್ಕದ ಕೋಣೆಯಲ್ಲಿ ಪರೀಕ್ಷೆ ಕಾಯಲು ಬಂದ ವೀಕ್ಷಕರ ಗೊರಕೆ, ಅವರ ಒದ್ದೆ ಕರವಸ್ತ್ರ ಇಲ್ಲೇ ಆಫೀಸಿನ ಗ್ಲೋಬಿನ ಮೇಲೆ ಒಣಗುತ್ತಿದೆ, ಎರಡು ಖಂಡ, ಒಂದೂವರೆ ಸಾಗರ ಅದರಡಿಯಲ್ಲಿ, ಅಯ್ಯೋ ನೋಡಬೇಡ, ನೋಡಿದರೆ ಮಧ್ಯಾಹ್ನದ ಊಟ ಮೇಲೆ ಬರುತ್ತದೆ.

ಹೆಡ್‌ಮಾಸ್ಟರು ಕೆಟ್ಟವರಲ್ಲ, ಅದೇ ಇನ್ನೂ ಅಸಹ್ಯ, ಕೆಟ್ಟವರಾಗಿದ್ದರೆ ಬೈದು ಎದ್ದು ಹೋಗಬಹುದಿತ್ತು — ಸರಾಸರಿ ಅರವತ್ತು ದಾಟದಿದ್ದರೆ ನಮ್ಮ ಶಾಲೆ ಮುಚ್ಚೋ ಶಾಲೆಗಳ ಪಟ್ಟಿಗೆ ಹೋಗುತ್ತೆ ಮೇಡಂ, ಪಟ್ಟಿಗೆ ಹೋದ್ರೆ ಬೀಗ, ಮಕ್ಕಳೆಲ್ಲ ಹೆದ್ದಾರಿ ಆಚೆಯ ದೊಡ್ಡ ಶಾಲೆಗೆ, ಆ ಲಾರಿಗಳ ಮಧ್ಯೆ ಒಂದನೇ ಕ್ಲಾಸಿನ ಕೂಸುಗಳು ರಸ್ತೆ ದಾಟೋದನ್ನ ನೀವು ನೋಡ್ತೀರಾ, ನನ್ನ ಕೈಲಿ ಆಗಲ್ಲ — ಹೇಳುವಾಗ ಅವರು ನಿಜವಾಗಿಯೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು. ಅದೇ ಬಾಯಿಂದಲೇ ಎರಡು ವಾರದ ಹಿಂದೆ ಆ ಮಹಾಸಂಕೇತ ಹೊರಟಿದ್ದು, ಕಿವಿ ಮುಟ್ಟಿದರೆ ಎ, ಮೂಗು ಮುಟ್ಟಿದರೆ ಬಿ, ಗಲ್ಲ ಸಿ, ಕತ್ತು ಡಿ, ಸ್ಟಾಫ್ ರೂಮಿನಲ್ಲಿ ನಿಂತು ಮಾಡಿ ತೋರಿಸಿದ್ದರು, ಸೊಳ್ಳೆ ಕಚ್ಚಿಸಿಕೊಂಡ ನಾಟ್ಯದ ಮೇಷ್ಟ್ರ ಹಾಗೆ, ಅವಳು ಬಿದ್ದು ಬಿದ್ದು ನಕ್ಕಿದ್ದಳು, ಆಮೇಲೆ ಹತ್ತು ದಿನ ಐದನೇ ಕ್ಲಾಸಿಗೆ ಅದನ್ನೇ ಕಲಿಸಿದಳು. ಕಲಿಸಿದಳು! ಮೂರು ವರ್ಷದಿಂದ ಭಾಗಾಕಾರ ತಲೆಗೆ ಹೋಗದವರಿಗೆ ಇದು ಎರಡೇ ದಿನಕ್ಕೆ ಹೋಯಿತು, ಅವಳು ಕಿವಿಯೋಲೆ ಸರಿಮಾಡಿಕೊಂಡರೆ ಸಾಕು ಮೂವತ್ತೊಂದು ಪೆನ್ಸಿಲು ಒಟ್ಟಿಗೆ ಬಗ್ಗುತ್ತಿದ್ದವು, ಯೋಚನೆ ಮಾಡ್ಬೇಡಿ, ನೋಡಿ, ಬರೀ ನೋಡಿ, ಅಂತ ಹೇಳುವಾಗ ಆ ಮಾತು ಯಾರ ದನಿಯಲ್ಲಿ ಬರುತ್ತಿತ್ತು, ಮಿಮಿಕ್ರಿಯೇನೂ ಅಲ್ಲ, ಸ್ವಂತದ್ದೇ. ಯಾಕಮ್ಮ ಒಬ್ಬಳೇ ಎದ್ದು ನಿಂತವಳು, ಎರಡನೇ ಬೆಂಚಿನ ತುದಿಯ ಆ ಹುಡುಗಿ, ಯಾವುದಕ್ಕೂ ಯಾಕೆ ಅನ್ನುತ್ತಾಳೆಂದು ಕ್ಲಾಸೆಲ್ಲ ಸೇರಿ ಇಟ್ಟ ಹೆಸರು, ಮಿಸ್, ಯಾಕೆ, ಉತ್ತರ ಗೊತ್ತಿದ್ರೂ ನಿಮ್ಮನ್ನೇ ನೋಡ್ಬೇಕಾ — ಹೂಂ, ನೋಡ್ಬೇಕು, ಕೂತ್ಕೋ. ಮಿಸ್, ನೀವು ಬರದೇ ಹೋದ್ರೆ — ನಾನು ಬರ್ತೀನೋ ಹೆಡ್‌ಮಾಸ್ಟರ್ ಬರ್ತಾರೋ, ಕುರ್ಚೀಲಿ ಯಾರು ಕೂತಿರ್ತಾರೋ ಅವರನ್ನ ನೋಡಿ, ಅಷ್ಟೇ, ಕೂತ್ಕೊಳ್ಳೇ ತಾಯಿ. ಕುರ್ಚೀಲಿ ಯಾರು ಕೂತಿರ್ತಾರೋ ಅವರನ್ನ. ಆ ಮಾತನ್ನು ಈಗ ಹಲ್ಲಿನ ಸಂದಿಯಿಂದ ಕಿತ್ತು ಉಗುಳಬೇಕು ಅನ್ನಿಸುತ್ತದೆ. ಅವಳ ಸ್ವಂತ ಮಗ ಆ ಹೊತ್ತಿಗೆ ಎಲ್ಲಿದ್ದ, ಫೀಸು ಕಟ್ಟುವ ಶಾಲೆಯಲ್ಲಿ, ಹಳದಿ ವ್ಯಾನಿನಲ್ಲಿ ಹೋಗಿ ಹಳದಿ ವ್ಯಾನಿನಲ್ಲಿ ಬರುತ್ತಾನೆ, ಗಂಡ ತಮಾಷೆ ಮಾಡುತ್ತಾರೆ, ಅಡುಗೆಯವಳು ತನ್ನ ಅಡುಗೆ ತಾನೇ ತಿನ್ನಲ್ವಂತೆ, ಅವಳೂ ನಗುತ್ತಾಳೆ, ನಕ್ಕು ಟಿಫಿನ್ ಡಬ್ಬಿ ಮುಚ್ಚುತ್ತಾಳೆ, ಥೂ.

ಹನ್ನೆರಡು ಎ ಮೇಡಂ, ಹದಿಮೂರು ಡಿ, ಕೈ ನಡೆಯುತ್ತಿದೆ, ಕಣ್ಣ ಮುಂದೆ ಬೆಳಿಗ್ಗೆಯದೇ — ಮೇಲಿನ ಆಫೀಸಿನಿಂದ ವೀಕ್ಷಕರು ಬಂದರು, ಆಯಾ ತರಗತಿಯ ಟೀಚರ್ ಹೊರಗಿರತಕ್ಕದ್ದು ಅಂತ ಹೊಸ ಆದೇಶ, ಅವಳನ್ನು ಬಾವಿಕಟ್ಟೆಯ ಹತ್ತಿರದ ಕೋಣೆಗೆ ಕಳಿಸಿ ತಾವು ಅವಳ ಕುರ್ಚಿಯಲ್ಲಿ ಕೂತರು, ಹೋಗಲಿ, ಸಂಕೇತ ಇಲ್ಲದಿದ್ದರೆ ಮಕ್ಕಳು ತಮಗೆ ಬಂದಷ್ಟು ಬರೆಯುತ್ತಾರೆ ಅಂದುಕೊಂಡು ಅವಳಿಗೆ ಒಂದು ಕ್ಷಣ ನೆಮ್ಮದಿಯೂ ಆಗಿತ್ತು. ವೀಕ್ಷಕರಿಗೆ ನೆಗಡಿ. ಎಂಥ ನೆಗಡಿ, ನಲ್ಲಿ ಕಟ್ಟಿದ ಹಾಗೆ, ಬಿಟ್ಟ ಹಾಗೆ, ಆ ಕೋಣೆಯ ಕಿಟಕಿಯಿಂದ ನೋಡಿದಳು, ಕರವಸ್ತ್ರ ಮೂಗಿಗೆ, ಮಕ್ಕಳ ತಲೆ ಎದ್ದು ತಲೆ ಬಗ್ಗಿತು, ಮತ್ತೆ ಮೂಗಿಗೆ, ಮತ್ತೆ ಎದ್ದು ಬಗ್ಗಿತು, ಅವಳಿಗೆ ಅರ್ಥವಾಗಲು ಐದು ಪ್ರಶ್ನೆ ಹಿಡಿಯಿತು, ಬೇಡ ಬೇಡ ಅಂತ ಕೈಯಾಡಿಸಿದರೆ ಕಿಟಕಿಯ ಕಡೆ ಯಾರೂ ನೋಡಲಿಲ್ಲ, ನೋಡಬೇಕಾದ್ದು ಕುರ್ಚಿಯನ್ನು ತಾನೇ, ಎಂಥ ವಿಧೇಯರು, ಎಷ್ಟು ಚೆನ್ನಾಗಿ ಕಲಿಸಿದ್ದೀಯೇ. ಹನ್ನೊಂದನೇ ಪ್ರಶ್ನೆಯವರೆಗೂ ಬಿ ಬಿ ಬಿ, ಆಮೇಲೆ ಅವರು ಗಲ್ಲಕ್ಕೆ ಕೈ ಕೊಟ್ಟು ತೂಕಡಿಸಿದರು, ಹನ್ನೆರಡರಿಂದ ಇಪ್ಪತ್ತರವರೆಗೂ ಸಿ ಸಿ ಸಿ, ಮೂವತ್ತು ಶೀಟು, ಒಂದೇ ಅಚ್ಚಿನ ಇಟ್ಟಿಗೆ. ಹೆಡ್‌ಮಾಸ್ಟರು ಶೀಟು ನೋಡಿ ಬೆವತುಹೋದರು, ಆದರೆ ವೀಕ್ಷಕರು ಮಾತ್ರ ಊಟ ಮುಗಿಸಿ ಕಣ್ಣು ಮಿಟುಕಿಸಿ, ನಾನು ಸ್ವಲ್ಪ ಒರಗ್ತೀನಿ, ನಾಲ್ಕಕ್ಕೆ ಗಾಡಿ ಬರುತ್ತೆ, ಅಷ್ಟರಲ್ಲಿ ನಿಮ್ಮ ಕೆಲಸ ಏನಿದ್ಯೋ ಮುಗಿಸಿಕೊಂಡುಬಿಡಿ, ಸೀಲ್ ಹಾಕೋದು ನಾನೇ ತಾನೇ, ಅಂದರು, ಎಷ್ಟು ಸಲೀಸಾಗಿ, ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ. ಇಪ್ಪತ್ತೆಂಟು ಮುಗಿಯಿತು, ಇಪ್ಪತ್ತೊಂಬತ್ತು, ಮೂವತ್ತು, ಸರಿ ಮಾಡಿ ಮಾಡಿ ಸರಾಸರಿ, ಬೆರಳಿನ ತುದಿ ಸೀಸದ ಬಣ್ಣಕ್ಕೆ ತಿರುಗಿ ಹೊಳೆಯುತ್ತಿದೆ, ಮೂವತ್ತೊಂದನೆಯದನ್ನು ಎತ್ತಿಕೊಂಡಳು, ತಿಕ್ಕಲು ರಬ್ಬರು ಊರಿದಳು, ಊರಿದ್ದು ಅಲ್ಲೇ ನಿಂತಿತು.

ಇದು ಇಟ್ಟಿಗೆಯಲ್ಲ. ಎ, ಡಿ, ಬಿ, ಎ, ಸಿ — ಸೊನ್ನೆಗಳು ಇರುವೆಸಾಲು ಚೆದುರಿದ ಹಾಗೆ ಅತ್ತಿತ್ತ ಹೋಗಿವೆ, ಕೆಲವು ಕಡೆ ಮೊದಲು ಬಿ ತುಂಬಿ, ಅಳಿಸಿ, ಬೇರೆ ತುಂಬಿದ್ದಾಳೆ ಯಾಕಮ್ಮ, ಅಂದರೆ ಮೊದಲು ಮೂಗು ನೋಡಿದ್ದಾಳೆ, ಆಮೇಲೆ ಯಾಕೆ ಅಂದುಕೊಂಡಿದ್ದಾಳೆ, ಕ್ಲಾಸೆಲ್ಲ ತಲೆ ಎತ್ತಿ ಬಗ್ಗಿಸುವಾಗ ಅವಳೊಬ್ಬಳು ತಲೆ ಬಗ್ಗಿಸಿಕೊಂಡೇ ಇದ್ದಳು, ಪಟ್ಟಿಗೆ ಹಿಡಿದು ಎಣಿಸಿದರೆ ಹನ್ನೆರಡು ಸರಿ, ಸ್ವಂತ ಹನ್ನೆರಡು, ಯಾರ ಕಿವಿಯೂ ಮೂಗೂ ಇಲ್ಲದ ಹನ್ನೆರಡು. ಹದಿನಾಲ್ಕರಲ್ಲಿ ಮಾತ್ರ ತೂತು. ಅಳಿಸಿ ತುಂಬಿ, ಅಳಿಸಿ ತುಂಬಿ, ಕಾಗದವೇ ಸೋತು ಹೋಗಿದೆ, ಬಿ ಎಲ್ಲಿತ್ತೋ ಸಿ ಎಲ್ಲಿತ್ತೋ, ಕಡಲೆಕಾಳು ತೂರುವಷ್ಟು ತೂತು, ಅಂಚಿನಲ್ಲಿ ಕಾಗದದ ನೂಲು. ಹದಿನಾಲ್ಕನೇ ಪ್ರಶ್ನೆ, ತೊಟ್ಟಿಗೆ ನಿಮಿಷಕ್ಕೆ ಎಂಟು ಲೀಟರು ಬೀಳುತ್ತೆ, ಮೂರು ಲೀಟರು ಸೋರುತ್ತೆ, ನಲವತ್ತು ತುಂಬಲು ಎಷ್ಟು ನಿಮಿಷ, ಬಿ ಅಂದರೆ ಎಂಟು, ಸಿ ಅಂದರೆ ಐದು, ಕೊನೆಗೆ ಅವಳು ಏನಂದುಕೊಂಡಳು. ಏನಾಯ್ತು ಮೇಡಂ, ತೂತಾ, ಅಯ್ಯಯ್ಯೋ, ಮಿಷಿನ್ನು ಉಗುಳಿಬಿಡುತ್ತೆ, ಆ ಹುಡುಗಿಗೆ ಸೊನ್ನೆ, ಅವಳಿಗೆ ಸೊನ್ನೆ ಆದ್ರೆ ನಾವು ಅರವತ್ತರ ಕೆಳಗೆ ಹೋಗ್ತೀವಿ, ನಾನು ಅಷ್ಟು ಬಿಗಿಯಾಗಿ ಲೆಕ್ಕ ಹಾಕಿದೀನಿ — ಹೆಡ್‌ಮಾಸ್ಟರು ಡ್ರಾಯರಿನಿಂದ ಖಾಲಿ ಶೀಟು ತೆಗೆದರು, ಹೊಸದರಲ್ಲಿ ಬರೆದುಬಿಡಿ, ಅವಳು ಬರೆದ ಹಾಗೇ ಬರೀರಿ ಬೇಕಾದ್ರೆ, ಹೆಸರೂ ಅವಳ ಅಕ್ಷರದ ಹಾಗೇ ಇರ್ಲಿ, ನೀವು ಮಿಮಿಕ್ರಿಯವರು, ನಿಮಗೆ ಇದೊಂದು ಲೆಕ್ಕಾನಾ. ಪೆನ್ಸಿಲ್ ಎತ್ತಿದಳು, ಎಲ್ಲರದೂ ಬರುತ್ತದೆ ಅವಳಿಗೆ, ಹೆಡ್‌ಮಾಸ್ಟರ ಕೆಮ್ಮು, ವೀಕ್ಷಕರ ಗೊಣಗು, ಅತ್ತೆಯ ನಿಟ್ಟುಸಿರು, ಯಾಕಮ್ಮನ ಬಾಗಿದ ಅಕ್ಷರ ಏನು ಮಹಾ, ಆದರೆ ಹದಿನಾಲ್ಕು, ಹದಿನಾಲ್ಕರಲ್ಲಿ ಏನು ತುಂಬಲಿ, ನಂಗೊತ್ತಿಲ್ಲ ಸರ್, ಅವಳನ್ನೇ ಕೇಳ್ಬೇಕು. ಯಾರನ್ನ ಕೇಳ್ಬೇಕು — ಒಳಗಿನಿಂದ ವೀಕ್ಷಕರು ಲುಂಗಿ ಬಿಗಿದುಕೊಳ್ಳುವವರ ಹಾಗೆ ಪ್ಯಾಂಟು ಏರಿಸುತ್ತ ಬಂದರು, ಗ್ಲೋಬಿನ ಮೇಲಿನ ಕರವಸ್ತ್ರ ತೆಗೆದು ಮೂಗಿಗೆ ಒತ್ತಿದರು, ಅಷ್ಟೇ, ಅವಳ ಬಾಯಿ ತಾನಾಗಿ ಬಿಟ್ಟುಕೊಂಡಿತು, ಬಿ, ಅಂದಳು. ಏನಮ್ಮಾ ಬಿ ಅಂದ್ರೆ. ನೀವೇ ಸರ್ ಬಿ, ನೀವು ಮೂಗು ಒರೆಸಿದಾಗೆಲ್ಲ ಮೂವತ್ತು ಮಕ್ಕಳು ಬಿ ಬರೆದಿದ್ದಾರೆ, ನೀವು ನಿದ್ದೆ ಮಾಡಿದ್ದಕ್ಕೆ ಒಂಬತ್ತು ಪ್ರಶ್ನೆ ಸಿ, ನಾನೇ ಕಲಿಸಿದ್ದು, ಕುರ್ಚೀಲಿ ಕೂತವರನ್ನ ನೋಡಿ ಅಂತ — ಎಂದು ಅವರದೇ ದನಿಯಲ್ಲಿ, ಅವರದೇ ಸೊರಕ್ಕು ಸಮೇತ, ಎದ್ದು ನಿಂತು ಮಾಡಿಯೇ ತೋರಿಸಿದಳು, ಮೂಗು, ತಲೆ ಎದ್ದು ಬಗ್ಗು, ಗಲ್ಲಕ್ಕೆ ಕೈ, ಗೊರ್ರ್. ಹೆಡ್‌ಮಾಸ್ಟರ ಮುಖ ಬಿಳಿಚಿತು. ಈಗ ಈ ವೀಕ್ಷಕ ಬೈಯುತ್ತಾನೆ, ವರದಿ ಬರೆಯುತ್ತಾನೆ, ಬರೆಯಲಿ, ಬರೆದರೆ ಈ ಹಣ್ಣಿನ ವಾಸನೆಯಾದರೂ ಹೋದೀತು — ವೀಕ್ಷಕರು ಒಂದು ಕ್ಷಣ ನೋಡಿದರು, ಆಮೇಲೆ ನಕ್ಕರು. ಹೊಟ್ಟೆ ಹಿಡಿದುಕೊಂಡು, ಮೇಜಿಗೆ ಗುದ್ದಿ, ಕಣ್ಣಲ್ಲಿ ನೀರು ಬರುವ ಹಾಗೆ, ಅಯ್ಯಯ್ಯಪ್ಪಾ, ಹಾಗಾದ್ರೆ ಫೇಲಾಗಿದ್ದು ನನ್ನ ಮೂಗು ಅನ್ನಿ, ಹೆಡ್‌ಮಾಸ್ಟರು ಅವರು ನಕ್ಕಿದ್ದು ನೋಡಿ ತಾವೂ ನಕ್ಕರು, ವೀಕ್ಷಕರು ಇನ್ನೂ ಜೋರಾಗಿ, ಬಿ ಹಾಕ್ರೀ ಆ ಹುಡುಗೀಗೂ, ನನ್ನ ಜ್ಞಾಪಕಾರ್ಥ — ಗೇಟಿನ ಹತ್ತಿರ ಗಾಡಿಯ ಹಾರನ್ನು, ಇಬ್ಬರ ಕಣ್ಣೂ ನಗುವಿನಿಂದ ಮುಚ್ಚಿದೆ, ಅವಳು ಖಾಲಿ ಶೀಟನ್ನು ಮಡಚಿ ಸೆರಗಿನಡಿ ಇಟ್ಟುಕೊಂಡಳು, ಯಾಕಮ್ಮನ ಶೀಟನ್ನು ಇದ್ದ ಹಾಗೇ ಮೂವತ್ತರ ಮೇಲಿಟ್ಟಳು, ಸರಾಸರಿ ಅರವತ್ತಕ್ಕೆ ಅರ್ಧ ಅಂಕ ಕಡಿಮೆ, ಬೀಗ, ಹೆದ್ದಾರಿ, ಲಾರಿ, ಗೊತ್ತು, ಗೊತ್ತಿದ್ದೇ ಕೈ ಅಂಚು ಸಮ ಮಾಡುತ್ತಿದೆ, ವೀಕ್ಷಕರು ಸೀಲ್ ಹಾಕುವ ಲಕೋಟೆಯ ಬಾಯಿ ಹಿಡಿದುಕೊಂಡೇ ನಗುತ್ತಿದ್ದಾರೆ, ಅಂಚು ಸಮ ಆದ ಕೂಡಲೇ ಹದಿನಾಲ್ಕರ ತೂತಿನೊಳಗೆ ಕೆಳಗಿನ ಶೀಟಿನ ಚುಕ್ಕೆ ಬಂದು ಕೂತಿತು, ಕಪ್ಪಗೆ, ದುಂಡಗೆ, ಈಗಷ್ಟೇ ತಾನೇ ತುಂಬಿದ ಬಿ, ಶೀಟು ಜರುಗಿಸಿದಳು, ಚುಕ್ಕೆ ಹೋಯಿತು, ಇನ್ನೊಂದರ ಮೇಲೆ ಇಟ್ಟಳು, ಅಲ್ಲೂ ಅದೇ ಚುಕ್ಕೆ, ಮತ್ತೊಂದು, ಅಲ್ಲೂ, ವೀಕ್ಷಕರ ನಗು ಕೆಮ್ಮಿಗೆ ತಿರುಗಿ ಮತ್ತೆ ನಗುವಾಗುತ್ತಿದೆ, ತೂತು, ತೂತಿನೊಳಗೆ ಅವಳ ಕೈಯ ಚುಕ್ಕೆ, ತೂತು, ಚುಕ್ಕೆ