ದೊಡ್ಡ ಕೋವಿಗೆ ಸಣ್ಣ ತೋಟೆ

ಕರಡಿ ಹೆದರಿ ಓಡಲಿಲ್ಲ. ವರ್ಲಾ ಕೋವಿಯಿಂದ ಹಾರಿಸಿದ ಚರೆಕಾಳು ಅದರ ಸುತ್ತಲಿನ ಹಿಮಕ್ಕೆಲ್ಲ ತೂತು ಕೊರೆಯಿತು, ಕರಡಿಗೆ ಮಾತ್ರ ತಾಗಲಿಲ್ಲ. ಅದು ತಲೆಯೆತ್ತಿ, ಶೆಡ್ಡಿನ ಕಡೆ ನುಗ್ಗಿ ಬಂದು, ಅರ್ಧ ದಾರಿಯಲ್ಲೇ ನಿಂತು ಬುಸುಗುಟ್ಟಿ, ಮತ್ತೆ ಸತ್ತ ಕರುಗಳ ಗುಡ್ಡೆಗೆ ಮರಳಿತು. ಅಷ್ಟರಲ್ಲಿ ವರ್ಲಾ ತಗಡಿನ ಬಾಗಿಲೆಳೆದು ಅಗುಳಿ ಜಡಿದಿದ್ದಳು.

"ತಾಗಿತಾ?" ಹುಲ್ಲಿನ ಮೇಲೆ ಮಲಗಿದ್ದ ಆರಿನ್ ಚಿಕ್ಕಪ್ಪ ಕೇಳಿದ.

"ಅದರ ಸುತ್ತ ಬಳೆ ತೊಡಿಸ್ದೆ ನೋಡು. ನಡುವೆ ಒಂದು ಕಾಳೂ ಬೀಳ್ಲಿಲ್ಲ."

"ಆ ಚರೆನೂ ನಮ್ಮ ಮ್ಯಾನೇಜರ್ ಬ್ರಾಕೆಟ್ಟನ ಕಡೆಯದ್ದೇ ಬಿಡು."

ನಗಲು ಹೋಗಿ ಆರಿನ್ ಹಲ್ಲು ಕಚ್ಚಿದ. ಬೆಳಗ್ಗೆ ಈಯುತ್ತಿದ್ದ ಹಸುವೊಂದು ಅವನನ್ನು ಕಬ್ಬಿಣದ ಗೇಟಿಗೆ ಒತ್ತಿ ಅರೆದಿತ್ತು. ಮೊಣಕಾಲಿನ ಕೆಳಗೆ ಮೂಳೆ ಹೊರಗೇ ಇಣುಕುತ್ತಿತ್ತು. ಆಗ ವರ್ಲಾ ಹೊರಗೆ, ರಾತ್ರಿ ಸತ್ತ ಕರುವನ್ನು ಟ್ರಕ್ಕಿನಿಂದ ಗುಡ್ಡೆಗೆ ಎಳೆದು ಹಾಕುತ್ತಿದ್ದಳು. ಕೂಗು ಕೇಳಿದ್ದೇ ಟ್ರಕ್ಕನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಚಿಕ್ಕಪ್ಪನ ತೊಡೆಗೆ ಬೆಲ್ಟು ಬಿಗಿದು ತಿರುಗಿ ನೋಡಿದರೆ, ಟ್ರಕ್ಕಿಗೂ ಶೆಡ್ಡಿಗೂ ನಡುವೆ ಈ ಗ್ರಿಜ್ಲಿ ಕರಡಿ ಊಟಕ್ಕೆ ಕೂತಿತ್ತು.

ಮೊಂಟಾನಾದ ಆ ಕಣಿವೆಯಲ್ಲಿ ಅಡಿಯ ಹಿಡಿಕೆ ಎಳೆದು ತೋಟೆ ಬದಲಿಸುವ ದೊಡ್ಡ ಬಾಯಿಯ ಲಿವರ್ ಕೋವಿಗೆ ಸಣ್ಣ ಚರೆ ತೋಟೆ ತುರುಕಿ ಹೊಡೆಯದವರೇ ಇಲ್ಲ. ಹಾವಿಗೆ, ಕಾಡುಕೋಳಿಗೆ ಅಷ್ಟು ಸಾಕು. ಈ ಸಣ್ಣ ತೋಟೆ ಕೋವಿಯ ಹೊಟ್ಟೆಯಿಂದ ತಾನಾಗಿ ಮೇಲೇರುವುದಿಲ್ಲ, ಒಂದೊಂದನ್ನೇ ಕೈಯಿಂದ ಇಡಬೇಕು. ನಳಿಗೆಯೊಳಗಿನ ಸುರುಳಿ ಗೆರೆ ಚರೆಯನ್ನು ಗಿರಗಿರನೆ ತಿರುಗಿಸಿ ಉಂಗುರದ ಹಾಗೆ ಎರಚಿಬಿಡುತ್ತದೆ. ಹತ್ತಿರದ ಕೋಳಿ ಬಿದ್ದರೆ ಸಾರು, ತಪ್ಪಿದರೆ ನಗು. ಬಡವರು ತಮ್ಮ ಅನುಕೂಲಕ್ಕೆ ಮಾಡಿಕೊಂಡಿದ್ದ ಚಾಳಿ ಅದು.

ಮ್ಯಾನೇಜರ್ ಬ್ರಾಕೆಟ್ ಅದನ್ನೇ ಕಾನೂನು ಮಾಡಿದ. ಸಮುದ್ರದ ಕಡೆಯ ಯಾವುದೋ ಶಹರಿನಲ್ಲಿರುವ ಮಾಲೀಕ ಈ ದನದ ರಾಂಚ್ ಕೊಂಡ ಮೇಲೆ ಇಲ್ಲಿನ ಮಾಂಸ ಕರಡಿಯ ಚಿತ್ರವಿರುವ ಪೆಟ್ಟಿಗೆಯಲ್ಲಿ ಮಾರಾಟವಾಗುತ್ತಿತ್ತು. ಕರಡಿಗೆ ಕೇಡು ಬಯಸದೆ ಬೆಳೆಸಿದ ದನವಂತೆ. ಅದಕ್ಕೆಂದೇ ಬ್ರಾಕೆಟ್ ಎಲ್ಲರ ದೊಡ್ಡ ಗುಂಡುಗಳನ್ನು ಬಕೆಟ್ಟಿನಲ್ಲಿ ಬಾಚಿಕೊಂಡು ಹೋಗಿ, ಚರೆ ತೋಟೆಯ ಪೊಟ್ಟಣ ಹಂಚಿದ. "ಹೆದರಿಸಿ, ಕೊಲ್ಲಬೇಡಿ" ಅಂದ. ಸತ್ತ ಕರುಗಳನ್ನು ದೂರ ಸಾಗಿಸಲು ಡೀಸೆಲ್ ದಂಡ, ಶೆಡ್ಡಿನ ಹಿಂದೆಯೇ ಹಾಕಿ ಎಂದವನೂ ಅವನೇ. ಕರಡಿಯನ್ನು ಊಟಕ್ಕೆ ಕರೆದವನು ಅವನು, ಬಡಿಸಿದವರು ಇವರು. ಕರಡಿ ಸತ್ತರೆ ಪೆಟ್ಟಿಗೆಯ ಮಾನ ಹೋಗುತ್ತದೆ. ಆಳು ಸತ್ತರೆ ಇನ್ನೊಬ್ಬ ಆಳು ಬರುತ್ತಾನೆ.

ವರ್ಲಾ ಲಿವರ್ ಕೆಳಗೆಳೆದಳು. ಖಾಲಿ ತೋಟೆ ಹೊರಬರಲಿಲ್ಲ. ಅದರ ಅಂಚು ಸಣ್ಣದು, ಕೋವಿಯ ಕೊಕ್ಕೆಗೆ ಸಿಗದು. ಮೈಯೋ ಉಬ್ಬಿ ಕಚ್ಚಿಕೊಂಡಿತ್ತು. ಬೇಲಿಯ ದಪ್ಪ ತಂತಿಯನ್ನು ನೆಟ್ಟಗೆ ಮಾಡಿ ನಳಿಗೆಯ ಬಾಯಿಂದ ತೂರಿಸಿ ಒತ್ತಿದಳು.

"ಮೆಲ್ಲಗೆ. ಕರು ಎಳೆದ ಹಾಗೇ ಅಂದ್ಕೋ," ಎಂದ ಆರಿನ್.

"ಕರುವಾದ್ರೆ ತಾನೂ ಒಂಚೂರು ಒದೀತದೆ. ಇದು ನನ್ನ ಹಾಗೆ, ಒಳಗೇ ಕೂತಿದೆ."

ತೋಟೆ ಟಕ್ಕನೆ ಉದುರಿತು. ಇನ್ನೊಂದನ್ನಿಟ್ಟು ತಗಡಿನ ಸಂದಿಯಿಂದ ಹಾರಿಸಿದಳು. ಕರಡಿ ಈ ಸಲ ತಲೆಯನ್ನೂ ಎತ್ತಲಿಲ್ಲ. ಸದ್ದು ಮಾಡುತ್ತದೆ, ಕಚ್ಚುವುದಿಲ್ಲ ಎಂಬುದು ಅದಕ್ಕೂ ತಿಳಿದುಹೋಗಿತ್ತು. ಮತ್ತೆ ಒತ್ತಿ ತೆಗೆದು ಮೂರನೆಯದನ್ನು ಹಾರಿಸಿದಾಗ ತೋಟೆ ಸೀಳಿ, ಮುಂದಿನ ಅರ್ಧ ಒಳಗೇ ಉಳಿಯಿತು. ಎಷ್ಟು ಒತ್ತಿದರೂ ತಂತಿ ಬಾಗಿತೇ ಹೊರತು ಚೂರು ಅಲುಗಲಿಲ್ಲ. ಈಗ ಕೋವಿಯೂ ಒಂದು ದೊಣ್ಣೆ.

ಆ ತಗ್ಗಿನಲ್ಲಿ ಫೋನಿಗೆ ಉಸಿರಿಲ್ಲ. ರಾಂಚಿನ ವಾಕಿಟಾಕಿಯಲ್ಲಿ ಬ್ರಾಕೆಟ್ ಒಬ್ಬನೇ ಸಿಗುತ್ತಿದ್ದ.

"ಬ್ರಾಕೆಟ್ ಅವರೇ, ಚಿಕ್ಕಪ್ಪನ ಕಾಲು ಮುರಿದಿದೆ, ರಕ್ತ ನಿಲ್ತಾ ಇಲ್ಲ. ಕರಡಿ ಟ್ರಕ್ಕಿಗೆ ಅಡ್ಡ ಕೂತಿದೆ. ಆಂಬುಲೆನ್ಸಿಗೆ ಹೇಳಿ, ವನ್ಯಜೀವಿ ಇಲಾಖೆಗೂ ಹೇಳಿ."

"ಕರಡಿಗೆ ಏನಾದ್ರೂ ಆಯ್ತಾ?"

"ಇಲ್ಲ."

"ಸದ್ಯ!" ಅವನು ಉಸಿರು ಬಿಟ್ಟದ್ದು ಇಲ್ಲಿಗೂ ಕೇಳಿಸಿತು. "ನೋಡು ವರ್ಲಾ, ಇಲಾಖೆಯವ್ರು ಬಂದ್ರೆ ಮೊದ್ಲು ಆ ಗುಡ್ಡೆ ನೋಡ್ತಾರೆ. ಇಲ್ಲಿ ಹೆಣ ರಾಶಿ ಹಾಕಿದ್ದು ಯಾರು ಅಂತಾರೆ."

"ನೀವು ಹೇಳಿದ್ರಿ, ನಾವು ಹಾಕಿದ್ವಿ."

"ನಾನು ಹೇಳಿದ್ದು ಯಾರು ಕೇಳಿದಾರೆ? ಆರಿನ್ ಮುದುಕ ಸೋಮಾರಿ, ದೂರ ಹೋಗೋಕೆ ಬೇಜಾರಾಗಿ ಹಾಕ್ದ ಅನ್ನು. ಅಷ್ಟೇ. ಒಪ್ಕೋ, ಎಲ್ಲರಿಗೂ ಫೋನ್ ಮಾಡ್ತೀನಿ, ನಾನೂ ಬರ್ತೀನಿ. ನಿನ್ನ ಮನೆನೂ ನಿನಗೇ ಇರತ್ತೆ."

ಮನೆ ಎಂದರೆ ಗಾಲಿಯ ಮೇಲಿನ ತಗಡಿನ ಡಬ್ಬ. ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆ ಹೋಗುವುದು. ಆದರೂ ಅದರ ಒಲೆ ಬೆಚ್ಚಗಿರುತ್ತಿತ್ತು.

"ಹೂಂ ಅಂದ್ಬಿಡು ಮಗಾ," ಎಂದ ಆರಿನ್. "ನನ್ನ ಹೆಸರಲ್ಲಿ ಕೆಡೋಕೆ ಇನ್ನೇನು ಬಾಕಿ ಇದೆ?"

"ನೀನು ಸುಮ್ನಿರು. ನಲವತ್ತು ವರ್ಷ ದುಡಿದವನಿಗೆ ಸೋಮಾರಿ ಅಂತಾನೆ."

"ಅಂದ್ಕೊಳ್ಳಲಿ ಬಿಡೇ. ಚಳಿ ಆಗ್ತಿದೆ ನಂಗೆ."

ಅವನ ತುಟಿ ಬಣ್ಣಗೆಟ್ಟಿತ್ತು. ಸುಳ್ಳಿಗೆ ಹೂಂ ಅಂದರೂ ಆ ಬ್ರಾಕೆಟ್ ಬರುವವನಲ್ಲ, ಮೊದಲು ಗುಡ್ಡೆಯನ್ನು ಮುಚ್ಚಿಸುವವನು ಎಂದು ವರ್ಲಾಗೆ ಹೊಳೆಯಿತು. ವಾಕಿಟಾಕಿ ಅವಳ ಹೆಸರು ಕೂಗುತ್ತಲೇ ಇತ್ತು. ಅದನ್ನು ಹುಲ್ಲಿನ ಮೇಲೆ ಎಸೆದು ಅಗುಳಿ ತೆಗೆದಳು.

ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಕಣ್ಣಿಗೆ ಕಣ್ಣು ಕೊಡಬಾರದು, ಸದ್ದಿಲ್ಲದೆಯೂ ಹೋಗಬಾರದು. ಕರಡಿಯ ಸೀಮೆಯಲ್ಲಿ ಬೆಳೆದವರು ಅದರೊಡನೆ ನೆರೆಯವರೊಡನೆ ಎಂಬಂತೆ ಮಾತಾಡುತ್ತಾ ನಡೆಯುತ್ತಾರೆ.

"ಏನಣ್ಣಾ, ಊಟ ಆಯ್ತಾ?" ಗುಡ್ಡೆಯಿಂದ ದೂರ ಬಳಸುತ್ತಾ, ಅಡ್ಡಡ್ಡ ಹೆಜ್ಜೆಯಿಡುತ್ತಾ ವರ್ಲಾ ಅಂದಳು. "ತಿನ್ನು ತಿನ್ನು, ನಿಂದೇ ಅದು. ನಾನು ಟ್ರಕ್ಕಿಗೆ ಬಂದೆ ಕಣಣ್ಣಾ. ನಿನ್ನ ತಟ್ಟೆಗೆ ಕೈ ಹಾಕಲ್ಲ."

ಕರಡಿ ಎದ್ದು ನಿಂತಿತು. ಮೂತಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವಳು ಹೆಜ್ಜೆ ನಿಲ್ಲಿಸಿದಳು, ಮಾತು ನಿಲ್ಲಿಸಲಿಲ್ಲ. "ನಾವಿಬ್ಬರೂ ಆ ಬ್ರಾಕೆಟ್ಟನ ಎಂಜಲು ತಿನ್ನೋರು ಕಣಣ್ಣಾ. ನಿಂಗಾದ್ರೂ ಪೆಟ್ಟಿಗೆ ಮೇಲೆ ಚಿತ್ರ ಇದೆ." ಅದು ಗಾಳಿ ಮೂಸಿ, ಯೋಚಿಸಿ, ಮತ್ತೆ ಕರುವಿನ ಪಕ್ಕೆಗೆ ಬಾಯಿ ಹಾಕಿತು.

ಟ್ರಕ್ಕನ್ನು ಹಿಂದಕ್ಕೆ ತಂದು ಬಾಗಿಲಿಗೇ ಆನಿಸಿ ಚಿಕ್ಕಪ್ಪನನ್ನು ಒಳಗೆಳೆದುಕೊಂಡಳು. ಅವನು ಒಮ್ಮೆ ಕಿರುಚಿದವನು ಆಮೇಲೆ ಕಣ್ಣು ಮುಚ್ಚಿ ಕತ್ತು ವಾಲಿಸಿದ.

ರಾಂಚಿನಿಂದ ಹೆದ್ದಾರಿಗೆ ಹೋಗಲು ಇದ್ದ ಒಂದೇ ಗೇಟಿಗೆ ಅಡ್ಡವಾಗಿ ಬ್ರಾಕೆಟ್ಟನ ಹೊಸ ಪಿಕಪ್ ನಿಂತಿತ್ತು. ಆಂಬುಲೆನ್ಸ್ ಇಲ್ಲ, ಇಲಾಖೆಯವರೂ ಇಲ್ಲ. ಅವನು ಕಿಟಕಿಗೆ ಬಗ್ಗಿದ.

"ಅವಸರ ಮಾಡ್ಬೇಡ. ಆಸ್ಪತ್ರೇಲಿ ಹೇಗಾಯ್ತು ಅಂತ ಕೇಳ್ತಾರೆ. ಇಲ್ಲೇ ಒಂದು ಮಾತಿಗೆ ಬರೋಣ, ಆಮೇಲೆ ಗಾಡಿ ತೆಗೀತೀನಿ."

"ಗಾಡಿ ತೆಗೀರಿ. ಮನುಷ್ಯ ಸಾಯ್ತಿದಾನೆ."

"ಅದಕ್ಕೇ ಬೇಗ ಹೂಂ ಅನ್ನು ಅಂದೆ."

ವರ್ಲಾ ಗೇಟನ್ನು ನೋಡಿದಳು, ಅದರ ಪಕ್ಕದ ಮುಳ್ಳುತಂತಿಯನ್ನು ನೋಡಿದಳು. ಬೇಲಿ ಮುರಿದವನ ಜೊತೆ ಆ ಕಣಿವೆಯಲ್ಲಿ ಒಬ್ಬರೂ ಕೂತು ಕಾಫಿ ಕುಡಿಯುವುದಿಲ್ಲ. ಕಳ್ಳನಿಗೂ ಮಾಫಿ ಇದೆ, ದನವನ್ನು ಹೆದ್ದಾರಿಗೆ ಬಿಟ್ಟವನಿಗಿಲ್ಲ. ಈ ಮೈಲಿಯ ಕಂಬಗಳನ್ನೆಲ್ಲ ನೆಟ್ಟವರು ಅವಳೂ ಚಿಕ್ಕಪ್ಪನೂ. ಎಲ್ಲಿ ಮಣ್ಣು ಸಡಿಲ ಎಂದು ಅವಳಿಗೆ ಗೊತ್ತಿತ್ತು.

"ಹೂಂ ಅಂದ್ಯಾ?" ಬ್ರಾಕೆಟ್ ಕೇಳಿದ.

"ಕಾಲು ಹಿಂದಕ್ಕೆ ತಗೋ."

ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಪೆಡಲ್ ತುಳಿದಳು. ತಂತಿಗಳು ಒಂದೊಂದಾಗಿ ಕಿರ್ರೆಂದು ಹರಿದವು, ಗಾಜು ಬಿರಿಯಿತು, ಕಂಬಗಳು ಬೇರುಸಹಿತ ಎದ್ದವು. ಟ್ರಕ್ ಹಳ್ಳ ದಾಟಿ ಡಾಂಬರು ಹತ್ತಿತು. ಕನ್ನಡಿಯಲ್ಲಿ ಹಸುಗಳು ಹೊಸ ದಾರಿಯತ್ತ ಕುತೂಹಲದಿಂದ ಬರುತ್ತಿದ್ದವು. ಬ್ರಾಕೆಟ್ ಟೋಪಿ ಬೀಸುತ್ತಾ ಅವುಗಳ ಮುಂದೆ ಓಡಾಡುತ್ತಿದ್ದ.

"ಚಿಕ್ಕಪ್ಪಾ?"

ಆರಿನ್ ಕಣ್ಣು ಬಿಡದೆ ಗೊಣಗಿದ, "ನನ್ನ ಬೇಲಿ ಕಣೇ ಅದು. ಹಾಳು ಹುಡುಗಿ."

ವರ್ಲಾ ವೇಗ ಏರಿಸಿದಳು. ಗಾಲಿಯ ಅಚ್ಚಿಗೆ ಸುತ್ತಿಕೊಂಡ ತಂತಿ ಎರಡು ಕಂಬಗಳನ್ನು ಕಿಡಿ ಹಾರಿಸುತ್ತಾ ಹಿಂದೆಯೇ ಎಳೆದು ತರುತ್ತಿತ್ತು. ನಿಂತು ಬಿಡಿಸಲು ಪುರುಸೊತ್ತಿರಲಿಲ್ಲ.