ಜೋಡಿ ಎಮ್ಮೆ ಬೆಲೆಯ ನಾಯಿ

ಎರ್ನೆಲಿ ಇದ್ದ ಮನೆ ಅವಳ ಅಮ್ಮನದು. ಗದ್ದೆ ಅಮ್ಮನದು, ಹಿತ್ತಲಿನ ತೆಂಗಿನಮರಗಳೂ ಅಮ್ಮನ ಕಡೆಯವು. ಸಾಗೋ ಬೆಟ್ಟದ ಬುಡದ ಊರುಗಳಲ್ಲಿ ಎಲ್ಲರದೂ ಹಾಗೆಯೇ. ಹೆಂಡತಿಯ ಮನೆಯಲ್ಲಿ ಗಂಡನೆಂದರೆ ಮೋಟುಮರದ ಮೇಲಿನ ಬೂದಿ, ಗಾಳಿ ಬೀಸಿದರೆ ಹಾರಿಹೋಗುವಂಥದ್ದು ಅನ್ನುವ ಮಾತೇ ಅಲ್ಲಿದೆ. ಅಪ್ಪ ಜಸ್ರಿಲನದು ಅಂತ ಆ ಅಂಗಳದಲ್ಲಿ ಇದ್ದದ್ದು ಒಂದೇ, ಹಂದಿಬೇಟೆಯ ನಾಯಿ ಬಾಲಾಂಗ್.

ನಾಯಿಗೆ ದಿನಾ ಬೆಳಗ್ಗೆ ಜೇನು ಕಲಸಿದ ಮೊಟ್ಟೆಯ ಹಳದಿ. ಬಿಳಿಯ ಭಾಗ ಮನೆಯವರ ಅನ್ನಕ್ಕೆ. ನಾಯಿಯ ಜೊಲ್ಲು ತಗುಲಿದರೆ ಮೈಲಿಗೆ, ಮಣ್ಣು ಹಚ್ಚಿ ತೊಳೆಯಬೇಕೆಂದು ಅಮ್ಮ ಅದನ್ನು ಮೆಟ್ಟಿಲ ಹತ್ತಿರಕ್ಕೂ ಬಿಡುತ್ತಿರಲಿಲ್ಲ. "ನಾನೂ ನಾಲ್ಕು ಕಾಲಲ್ಲಿ ನಡೆದಿದ್ರೆ ನನಗೂ ಜೇನು ಸಿಗ್ತಿತ್ತೇನೋ" ಅಂತ ಅಮ್ಮ ಅಂದರೆ ಅಪ್ಪ ಕೇಳಿಸದವನ ಹಾಗೆ ನಾಯಿಯ ಬೆನ್ನು ತಿಕ್ಕುತ್ತಿದ್ದ.

ಕಾಫಿ ಅಂಗಡಿಯಲ್ಲಿ ಬೇಟೆಗಾರರು ಕೂತರೆ ಮೊದಲು ಬರುವುದು ನಾಯಿಯ ಬೆಲೆಯ ಮಾತು. ಬಾಲಾಂಗ್ ಜಾವಾದಿಂದ ಬಂದದ್ದು, ಜೋಡಿ ಎಮ್ಮೆಯ ಬೆಲೆ ಕೊಟ್ಟೆ ಅಂತ ಅಪ್ಪ ಹೇಳಿಕೊಂಡಿದ್ದ. ಜಾವಾದಿಂದ ಬಂದದ್ದೇನೋ ನಿಜ. ಆದರೆ ಕೊಳ್ಳುವ ದಿನ ಎರ್ನೆಲಿ ಜೊತೆಗಿದ್ದಳು. ಒಳ್ಳೆಯ ನಾಯಿಗಳೆಲ್ಲ ಮಾರಿಹೋದ ಮೇಲೆ ನಾಯಿ ವ್ಯಾಪಾರಿಯ ಲಾರಿಯಲ್ಲಿ ಉಳಿದಿದ್ದ ಬಡಕಲು ಮರಿಗೆ ಅಪ್ಪ ಕೊಟ್ಟದ್ದು ಒಂದು ಮೇಕೆಯ ಬೆಲೆ. ಶಾಲೆ ಬಿಟ್ಟಾಗಿನಿಂದ ಅವಳು ಮಾತಾಡಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಇದನ್ನೂ ನೋಡಿ ಹೊಟ್ಟೆಯಲ್ಲಿಟ್ಟುಕೊಂಡಳು.

ಒಂದು ಭಾನುವಾರದ ಬೇಟೆಯಲ್ಲಿ ಹಂದಿ ಬಾಲಾಂಗನ ಹೊಟ್ಟೆ ಸೀಳಿತು. ಸಣ್ಣ ಗಾಯವಾಗಿದ್ದರೆ ಅಲ್ಲೇ ಸೂಜಿದಾರ ಹಿಡಿದು ಹೊಲಿಯುವವರಿದ್ದರು. ಇದು ಕರುಳು ಕಾಣುವಂಥ ಗಾಯ. ಅಪ್ಪ ಹೆಗಲ ಮೇಲಿದ್ದ ಲುಂಗಿಯನ್ನು ಅದರ ಹೊಟ್ಟೆಗೆ ಸುತ್ತಿದ. ಪೇಟೆಯ ನಾಯಿ ಡಾಕ್ಟರ್ ಫೆರ್ದಿಯ ಹತ್ತಿರ ಒಯ್ಯಿ, ಅವರೂ ನಮ್ಮ ಬೇಟೆ ಸಂಘದವರೇ ಅಂತ ಎಲ್ಲರೂ ಹೇಳಿದರು. ಸಂಘದ ಮರ್ಲಿಸ್ ತನ್ನ ಗಾಡಿ ತಂದ. ದಾರಿಯಲ್ಲಿ ಮನೆಯಿಂದ ಹತ್ತಿಕೊಂಡ ಎರ್ನೆಲಿ, ಹಿಂದೆ ಕೂತು ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಫೆರ್ದಿ ಗಾಯ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅಪ್ಪನನ್ನೇ ನೋಡಿದ.

"ಇದೇ ಅಲ್ವಾ ಆ ಜೋಡಿ ಎಮ್ಮೆ ನಾಯಿ?"

ಹೊಲಿಗೆಗೆ, ಔಷಧಿಗೆ ಎಲ್ಲ ಸೇರಿ ಒಂದು ಕಡಸಿನ ಬೆಲೆ ಕೇಳಿದ. ಅಂಥ ನಾಯಿಗೆ ಇದು ಯಾವ ಲೆಕ್ಕ ಅಂತ ನಕ್ಕ. ಬಾಗಿಲಲ್ಲಿ ನಿಂತಿದ್ದ ಮರ್ಲಿಸನೂ ತಲೆಯಾಡಿಸಿದ. ಇದು ಮೇಕೆ ಬೆಲೆಯ ನಾಯಿ ಅಂತ ಅಪ್ಪ ಒಂದು ಮಾತು ಅಂದಿದ್ದರೆ ಸಾಕಿತ್ತು. ಅವನು ಅಂದದ್ದು, ದುಡ್ಡು ಮನೆಯಲ್ಲಿದೆ, ಹೊಲಿಗೆ ನಾಳೆ ಹಾಕಿ, ಈಗ ಕಟ್ಟು ಕಟ್ಟಿ ಅಂತ. ಕಟ್ಟು ಕಟ್ಟಿದ್ದಕ್ಕೂ ನೋವಿನ ಸೂಜಿಗೂ ಫೆರ್ದಿ ಜೇಬಿನಲ್ಲಿದ್ದುದನ್ನೆಲ್ಲ ಇಸಿದುಕೊಂಡ.

ಮನೆಯಲ್ಲಿ ಅಷ್ಟು ದುಡ್ಡು ಇಲ್ಲವೆಂದು ಎರ್ನೆಲಿಗೆ ಗೊತ್ತಿತ್ತು. ದನದ ಸಂತೆಯ ಹಿಂದಿನ ಕಚೇರಿಯಲ್ಲಿ ದೆಸ್ಮಿತಾ ಅನ್ನುವ ಡಾಕ್ಟರಮ್ಮ ಇರುವುದೂ ಗೊತ್ತಿತ್ತು. ಅಮ್ಮನ ಹಸುವಿಗೆ ಬಂದಾಗ ಆಕೆ ಮುಟ್ಟುವ ಮೊದಲೇ ಖರ್ಚು ಹೇಳಿದ್ದರು. ಈ ಔಷಧಿ ಬೇಡ, ಸುಮ್ಮನೆ ದಂಡ ಅಂತ ಒಂದನ್ನು ವಾಪಸ್ಸು ಚೀಲಕ್ಕೆ ಹಾಕಿಕೊಂಡಿದ್ದರು. ಮನೆಗೆ ಬಂದ ಮೇಲೆ ಎರ್ನೆಲಿ ಅಪ್ಪನ ಮುಂದೆ ಹೋಗಿ ನಿಂತಳು.

"ಅಪ್ಪಾ, ದೆಸ್ಮಿತಾ ಡಾಕ್ಟರಮ್ಮನ ಹತ್ರ ಹೋಗೋಣ. ನಮ್ಮ ಹತ್ರ ಇರೋದ್ರಲ್ಲೇ ಆಗುತ್ತೆ."

"ದನದ ಡಾಕ್ಟ್ರ ಹತ್ರ ಬಾಲಾಂಗನ್ನ ಒಯ್ಯಲಾ? ಆಮೇಲೆ ಕಾಫಿ ಅಂಗಡೀಲಿ ಯಾವ ಮುಖ ಇಟ್ಕೊಂಡು ಕೂರ್ಲಿ?"

"ಹೊಲೀದೇ ಇದ್ರೆ ಸಾಯುತ್ತೆ ಅಪ್ಪಾ."

"ಸಾಯಲ್ಲ. ಅದೇನು ಅಂಥಿಂಥ ನಾಯಿನಾ?"

ಅಷ್ಟು ವರ್ಷ ಹೇಳಿ ಹೇಳಿ ಜೋಡಿ ಎಮ್ಮೆಯನ್ನು ಅವನೇ ನಂಬಿಬಿಟ್ಟಿದ್ದ. ಅಮ್ಮ ಒಳಗಿನಿಂದ, ಬೇಕಿದ್ದರೆ ನನ್ನ ಬಳೆ ಅಡ ಇಡು ಅಂದಳು. ಅಪ್ಪ ಆ ಕಡೆ ತಿರುಗಲಿಲ್ಲ.

ಬೆಳಗ್ಗೆ ಎರ್ನೆಲಿ ಯಾರಿಗೂ ಹೇಳದೆ ಹೋಗಿ ದೆಸ್ಮಿತಾರನ್ನು ಕರೆದಳು. ಹೊಲಿಗೆಗೆ ಇಷ್ಟು, ಬರುವ ಪೆಟ್ರೋಲಿಗೆ ಇಷ್ಟು ಅಂತ ಅವರು ಮೊದಲೇ ಹೇಳಿ ಬೈಕು ಹತ್ತಿದರು. ಅವಳು ಮೊಟ್ಟೆ ಮಾರಿ ಕೂಡಿಟ್ಟಿದ್ದೇ ಅದಕ್ಕೆ ಸಾಕಿತ್ತು. ಅಂಗಳಕ್ಕೆ ಬಂದಾಗ ಕಾಫಿ ಅಂಗಡಿಯ ಗುಂಪೇ ಅಲ್ಲಿ ಕೂತಿತ್ತು, ನಾಯಿಯನ್ನು ನೋಡಿಹೋಗಲು ಬಂದವರು.

"ಏನಪ್ಪಾ ಜಸ್ರಿಲ್, ನಾಯಿ ಕರು ಹಾಕ್ತಾ ಇದೆಯಾ?" ಅಂದ ಮರ್ಲಿಸ್. ಎಲ್ಲರೂ ನಕ್ಕರು.

ಅಪ್ಪನ ಕಿವಿ ಕೆಂಪಾಯಿತು. ಈಕೆಯನ್ನು ಕರೆದವರು ಯಾರು, ಮಧ್ಯಾಹ್ನ ಫೆರ್ದಿ ಡಾಕ್ಟರು ಬರುವವರಿದ್ದಾರೆ ಅಂದ. ಎರ್ನೆಲಿ ಬಾಯಿ ತೆರೆದಳು. ಮೇಕೆ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಪ್ಪ ಅವಳನ್ನು ನೋಡಿದ. ಬೈಯುವವನ ನೋಟವಲ್ಲ ಅದು, ಬೇಡುವವನದು. ಅವಳು ಬಾಯಿ ಮುಚ್ಚಿದಳು.

ದೆಸ್ಮಿತಾ ಬೈಕು ತಿರುಗಿಸುತ್ತಾ ಅವಳಿಗೆ ಮಾತ್ರ ಕೇಳುವ ಹಾಗೆ ಅಂದರು: "ಇವತ್ತು ಹೊಲಿದ್ರೆ ಉಳಿಯುತ್ತಮ್ಮ. ನಾಳೆ ಆದ್ರೆ ನನ್ನ ಕೈಲೂ ಆಗಲ್ಲ."

ಫೆರ್ದಿ ಬರಲಿಲ್ಲ, ಅವನನ್ನು ಯಾರೂ ಕರೆದಿರಲೂ ಇಲ್ಲ. ಮಾರನೆಯ ದಿನ ಬಿಸಿಲೇರುವ ಮೊದಲೇ ನಾಯಿ ಸತ್ತಿತು. ಅಪ್ಪ ಒಬ್ಬನೇ ಗುಂಡಿ ತೋಡಿದ.

ಒಂದೆರಡು ವಾರ ಕಳೆದಿರಬೇಕು. ಎರ್ನೆಲಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಮರ್ಲಿಸ್ ಬೇಲಿಯ ಆಚೆಯಿಂದ ಕರೆದ. ಗಾಡಿಯಲ್ಲಿ ಅವನ ನಾಯಿ, ಹೆಗಲು ಹರಿದಿತ್ತು.

"ಮಗಳೇ, ಆ ದನದ ಡಾಕ್ಟರಮ್ಮ ಎಲ್ಲಿರ್ತಾರೆ? ನಿಮ್ಮಪ್ಪಂಗೆ ಹೇಳ್ಬೇಡ."

ಮೂರು ಎಮ್ಮೆ ಬೆಲೆಯ ನಾಯಿ ಅಂತ ನೀವು ಹೇಳಿಕೊಳ್ಳುವುದು ಇದೇ ಅಲ್ಲವೇ ಅಂತ ಕೇಳಿದಳು. ಅವಳು ಅಷ್ಟು ಕೇಳಿದ್ದೇ ಅವನಿಗೆ ಆಶ್ಚರ್ಯ.

"ಇದೂ ಅದೇ ಲಾರಿದು. ನಿಮ್ಮಪ್ಪನ ನಾಯಿ ಎಷ್ಟರದು ಅಂತ ನಮಗೆಲ್ಲ ಗೊತ್ತಿತ್ತು."

"ಗೊತ್ತಿದ್ದೂ ಅವತ್ತು ನಕ್ರಲ್ಲಾ?"

ಮರ್ಲಿಸ್ ನಾಯಿಯ ಕಡೆ ನೋಡಿದ. "ಅವನ ಮಾತು ನಾವು ನಂಬದೆ ಇದ್ರೆ, ನಮ್ಮ ಮಾತು ಯಾರು ನಂಬ್ತಾರೆ ಹೇಳು."

ನಾಯಿ ನರಳುತ್ತಿತ್ತು. ಅವಳು ದಾರಿ ಹೇಳಿದಳು.

ಆಮೇಲೊಂದು ದಿನ ಅಪ್ಪ ಊಟಕ್ಕೆ ಕೂತವನು ತಾನಾಗಿಯೇ ಮಾತು ತೆಗೆದ. ಮರ್ಲಿಸನ ನಾಯಿ ಮತ್ತೆ ಓಡಾಡುತ್ತಿದೆಯಂತೆ, ಫೆರ್ದಿ ಹೊಲಿದರಂತೆ, ಕಾಫಿ ಅಂಗಡಿಯಲ್ಲಿ ಅದೇ ಸುದ್ದಿಯಂತೆ.

"ದುಡ್ಡು ಹೋದ್ರೆ ಹೋಗ್ಲಿ ಅಂತ ಹೋದ ನೋಡು, ನಾಯಿ ಉಳಿಸ್ಕೊಂಡ" ಅಂದ ಅಪ್ಪ. "ಕೈಗುಣ ಅಂದ್ರೆ ಫೆರ್ದಿದೇ."

ಎರ್ನೆಲಿ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿ ಒಳಗೆ ಹೋದಳು.